ಸೀಮೆಸುಣ್ಣದ ಗೋಡೆಗಳು

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊತ್ತು ತಂದ ಇಬ್ಬರು ಅದನ್ನು ಹಿಂದಕ್ಕೆಳೆದು, ಮಗ್ಗುಲಾಗಿ ತಿರುಗಿಸಿ, "ಎತ್ತು, ಎತ್ತು, ಗೋಡೆ ನೋಡ್ಕೊಂಡು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರೆ ಅವನು ಮೆಟ್ಟಿಲ ಮೇಲೆ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ನಿಂತಿದ್ದ. ವಾರವೆಲ್ಲ ಊರಿನವರ ಹಲ್ಲು ನೋಡುವ ವೈದ್ಯನಿಗೆ ತನ್ನ ಹಲ್ಲುಜ್ಜುವುದು ಮರೆತುಹೋಗಿತ್ತು. ಸೋಫಾ ಹಾಗೇ ಸಿಕ್ಕಿಕೊಂಡಿರಲಿ, ಇವರು ಬೇಸತ್ತು ಅದನ್ನು ವಾಪಸು ಹೊತ್ತುಕೊಂಡು ಹೋಗಲಿ ಎಂದು ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು. ಆದರೆ ಆ ಮುಂದಿನ ಕೋಣೆಯ ಬಾಗಿಲು ದೊಡ್ಡದು. ಬಾಗಿಲು ದೊಡ್ಡದಿದೆ, ಮುಂದಿನ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ ಎಂದೇ ಅಲ್ಲವೇ ಗಂಡಹೆಂಡತಿ ಇಬ್ಬರೂ ಮರುಳಾಗಿ ಈ ಮನೆಗೆ ಕೈಹಾಕಿದ್ದು. ಸೋಫಾ ಒಮ್ಮೆ ಮಗ್ಗುಲು ಬದಲಿಸಿದ್ದೇ ತಡ ಸಲೀಸಾಗಿ ಒಳಗೆ ಬಂತು. ಅದರ ಹಿಂದೆ ಎರಡು ಕುರ್ಚಿ, ಗಾಜಿನ ಮೇಜು, ಉದ್ದ ಕತ್ತಿನ ದೀಪ, ಸುರುಳಿ ಸುತ್ತಿದ ರತ್ನಗಂಬಳಿ ಬಂದವು. ನಾಲ್ಕು ವರ್ಷದಿಂದ ಖಾಲಿ ಬಿದ್ದಿದ್ದ ದೊಡ್ಡ ಕೋಣೆ ನೋಡನೋಡುತ್ತ ಯಾರದೋ ಸುಖವಾಗಿರುವವರ ಮನೆಯ ಕೋಣೆಯಾಯಿತು.

"ಸಂಜೆ ಆರಕ್ಕೆ ಬರ್ತೀವಿ ಸಾರ್, ಕಲೆ ಆಗದ ಹಾಗೆ ನೋಡ್ಕೊಳ್ಳಿ" ಎಂದು ಹೇಳಿ ಅವರು ಹೋದರು. ಮನೆ ಮಾರುವವರಿಗೆ, ಕೊಳ್ಳುವವರ ಕಣ್ಣಿಗೆ ಮನೆ ಚೆಂದ ಕಾಣಲಿ ಎಂದು, ಒಂದು ದಿನದ ಮಟ್ಟಿಗೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ಅದು. ಹುಡುಕಿದವಳು ಹೆಂಡತಿ. ದೊಡ್ಡ ದೊಡ್ಡ ಕಂಪನಿಗಳ ಲೆಕ್ಕ ತಪಾಸಣೆ ಮಾಡಿ ಎಲ್ಲಿ ತೂತಿದೆ ಎಂದು ಬೆರಳಿಟ್ಟು ತೋರಿಸುವ ಅವಳು ಸ್ವಂತ ಮನೆಯ ತೂತಿನ ಮೇಲೆ ಹೀಗೊಂದು ರತ್ನಗಂಬಳಿ ಹಾಸಿದ್ದಳು. ನಾಲ್ಕು ವರ್ಷದಿಂದ ಯಾರು ಬಂದರೂ ದೊಡ್ಡ ಕೋಣೆಯ ಬಾಗಿಲು ಮುಚ್ಚಿ, "ಪೇಂಟ್ ನಡೀತಿದೆ, ಕ್ಷಮಿಸಿ, ಅಡುಗೆಮನೆಯಲ್ಲೇ ಕೂರೋಣ" ಎನ್ನುವುದು ವಾಡಿಕೆಯಾಗಿತ್ತು. ಅರಮನೆಗಾದರೂ ಇಷ್ಟು ದಿನ ಬಣ್ಣ ಬಳಿಯುತ್ತಾರೋ ಇಲ್ಲವೋ. ಪಕ್ಕದ ಮನೆಯವರು ಕಳೆದ ವಾರ "ಯಾವ ಬಣ್ಣ ಅಂತ ಕೊನೆಗೂ ಗೊತ್ತಾಯ್ತಾ?" ಎಂದು ಕೇಳಿದಾಗ ಅವನು ನಕ್ಕು, ಕಾರಿನೊಳಗೆ ಕೂತು, ಬೀದಿ ತಿರುಗುವವರೆಗೂ ಆ ನಗುವನ್ನು ಮುಖದಿಂದ ಇಳಿಸಲು ಮರೆತಿದ್ದ.

"ನಿಮ್ಮಕ್ಕ ಬಂದು ನೆಲದ ಮೇಲೆ ಕೂರ್ಬೇಕಾ?" ಎಂದಿದ್ದಳು ಹೆಂಡತಿ ಮೊನ್ನೆ. "ನಾವು ಈ ಮನೆಗೆ ಬಂದ ಹೊಸದರಲ್ಲಿ ಒಂದ್ಸಲ ಬಂದಿದ್ದು ಅವರು. ಆಗ ಗಂಟುಮೂಟೆ ಬಿಚ್ಚಿರ್ಲಿಲ್ಲ, ಖಾಲಿ ಇದ್ದಿದ್ದು ಸರಿ. ಈಗಲೂ ಹಾಗೇ ಇದ್ರೆ ಏನಂದ್ಕೋತಾರೆ? ಅವರ ಮನಸ್ಸಿಗೆ ಸಮಾಧಾನ ಆಗ್ಲಿ ಬಿಡ್ರಿ."

ಸಮಾಧಾನವಂತೆ. ಹೇಳಬೇಕಾದದ್ದು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆ ಖಾಲಿ ಕೋಣೆಯೊಂದೇ ತನ್ನ ಕಡೆಯ ಸಾಕ್ಷಿ, ಅದನ್ನೂ ತುಂಬಿಸಿಬಿಟ್ಟರೆ ಅಕ್ಕನ ಮುಂದೆ ತಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು. ಹೋದ ವರ್ಷ ಒಂದು ಮಧ್ಯಾಹ್ನ, ಒಬ್ಬ ರೋಗಿಯ ದವಡೆ ಮರಗಟ್ಟಲೆಂದು ಕಾಯುತ್ತಿದ್ದಾಗ ಅಕ್ಕನ ಫೋನು ಬಂದಿತ್ತು. ಅಕ್ಕ ಹುಟ್ಟಾ ಯಾರನ್ನೂ ಏನನ್ನೂ ಕೇಳಿದವಳಲ್ಲ, ಹಾಗಾಗಿ ಕೇಳುವುದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ. ಬಿಸಿಲಿನ ಮಾತಾಡಿದಳು, ತನ್ನ ಮಂಡಿಯ ಮಾತಾಡಿದಳು, ಆಮೇಲೆ ಡಿಪೋದಲ್ಲಿ ತನ್ನ ಬಸ್ಸು ಹಿಮ್ಮುಖ ತೆಗೆಯುತ್ತಿದ್ದ ಹಾಗೆ ನಿಧಾನವಾಗಿ ವಿಷಯಕ್ಕೆ ಬಂದಳು. ಸೈಕಲ್ ಅಂಗಡಿಯ ಮೇಲೆ ಅಕ್ಕ ತಮ್ಮ ಇಬ್ಬರೂ ಇದ್ದ ಹಳೆಯ ಕೋಣೆಯನ್ನು ಮಾಲೀಕ ಮಾರುತ್ತಿದ್ದಾನೆ, ಇಷ್ಟು ವರ್ಷ ಇದ್ದವಳು ಎಂದು ಮೊದಲು ಅವಳನ್ನೇ ಕೇಳಿದ್ದಾನೆ, ಅವಳ ಕೈಯಲ್ಲಿರುವುದು ಅರ್ಧಕ್ಕೆ ಬರುತ್ತದೆ. "ನಿಂಗೆ ತೊಂದ್ರೆ ಆಗಲ್ಲ ಅಂದ್ರೆ ಮಾತ್ರ ಕಣೋ." ಅವನು ಕನ್ನಡಿಯಲ್ಲಿ ತನ್ನ ಮುಖ ನೋಡುತ್ತ, "ಈಗ ಕಷ್ಟ ಅಕ್ಕ, ನಿಜವಾಗ್ಲೂ ಕೈಯಲ್ಲಿ ಇಲ್ಲ" ಎಂದಿದ್ದ. ನಿಜವಾಗಿಯೂ ಇರಲಿಲ್ಲ. ಆದರೆ ಕೈಗವಸು ತೊಟ್ಟು, ಹೊಳೆಯುವ ಯಂತ್ರದ ಪಕ್ಕ ನಿಂತು ಹೇಳಿದ ಆ ಮಾತು ಅವನ ಕಿವಿಗೇ ಹಸಿ ಸುಳ್ಳಿನ ಹಾಗೆ ಕೇಳಿಸಿತು. "ಆಯ್ತು ಬಿಡು, ಸುಮ್ನೆ ಕೇಳ್ದೆ" ಎಂದಳು ಅಕ್ಕ, ಮತ್ತೆ ಬಿಸಿಲಿನ ಮಾತಿಗೆ ಹೋದಳು. ಕೋಣೆ ಬೇರೆಯವರ ಪಾಲಾಯಿತು. ಅಕ್ಕ ಊರಾಚೆ, ತನ್ನ ಜೊತೆ ಕೆಲಸ ಮಾಡಿದ ಹಳೆಯ ಕಂಡಕ್ಟರ್ ಗೆಳತಿಯ ಮನೆಯ ಹಿಂಬದಿಗೆ ಹೋಗಿ ಇದ್ದಳು. ಆ ಮೇಲೆ ಅದರ ಬಗ್ಗೆ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಇಲ್ಲ ಎಂದರೆ ಯಾರು ನಂಬುತ್ತಾರೆ? ಹಲ್ಲಿನ ಕುರ್ಚಿಯಲ್ಲಿ ಒರಗಿದವರೆಲ್ಲ ಬಾಯಿ ತೆರೆಯುವ ಮುನ್ನ ಒಮ್ಮೆ ಸುತ್ತ ನೋಡಿ, "ಡಾಕ್ಟ್ರಿಗೇನು ಬಿಡಿ" ಎನ್ನುತ್ತಾರೆ. ಡಾಕ್ಟ್ರಿಗೇನು ಎಂದರೆ ಡಾಕ್ಟ್ರಿಗೆ ಇಬ್ಬರ ಸಂಪಾದನೆ, ಆ ಸಂಪಾದನೆಯನ್ನು ಬಾಗಿಲಲ್ಲೇ ತಡೆದು ತನ್ನ ಪಾಲು ಎತ್ತಿಕೊಳ್ಳುವ ತೆರಿಗೆ, ಉಳಿದದ್ದಕ್ಕೆ ಸಾಲಾಗಿ ಕಾದು ಕೂತ ಮನೆಯ ಕಂತು, ಯಂತ್ರದ ಕಂತು, ಇಬ್ಬರೂ ಓದುವಾಗ ಮಾಡಿ ಇನ್ನೂ ಮುಗಿಯದ ಸಾಲ, ಮಗಳ ಶಾಲೆ, ಆ ಶಾಲೆಗೆ ತಕ್ಕ ಬೂಟು, ಆ ಬೂಟಿಗೆ ತಕ್ಕ ಗೆಳತಿಯರ ಹುಟ್ಟುಹಬ್ಬಗಳ ಉಡುಗೊರೆ. "ನಮ್ಮ ಸಂಬಳ ನಮ್ಮನೆಗೆ ನೆಂಟರ ಹಾಗೆ ಬರುತ್ತೆ ಕಣ್ರಿ, ಚಪ್ಪಲಿ ಬಿಡೋದ್ರೊಳಗೆ ಹೊರಟೇ ಬಿಡುತ್ತೆ" ಎಂದು ಹೆಂಡತಿ ನಗುತ್ತಾಳೆ. "ನಾವು ಬಡವರಲ್ಲ, ಬರೀ ದುಡ್ಡಿಲ್ಲದೋರು." ಅವಳ ನಗು ಅವನಿಗೆ ಬರುವುದಿಲ್ಲ. ಕಳೆದ ತಿಂಗಳು ಜೊತೆಯ ವೈದ್ಯರೊಂದಿಗೆ ಊಟಕ್ಕೆ ಹೋಗಿದ್ದಾಗ ಬಿಲ್ಲು ಬರುವ ಹೊತ್ತಿಗೆ ಎದ್ದು ಹೋಗಿ ಕೈತೊಳೆಯುತ್ತ ನಿಂತಿದ್ದ. ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲವನ್ನೂ ಶಸ್ತ್ರಚಿಕಿತ್ಸೆಗೆ ಹೊರಟವನ ಹಾಗೆ ತಿಕ್ಕಿ ತಿಕ್ಕಿ ತೊಳೆದು ಹೊರಬಂದರೆ ಬಿಲ್ಲು ಇನ್ನೂ ಮೇಜಿನ ಮೇಲೇ ಇತ್ತು. ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ಅವತ್ತು ಮನೆಗೆ ಬಂದವನು ಯಾರಿಗೂ ಹೇಳದೆ ಖಾಲಿ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ, ಕೂತಾಗ ನೆಲ ತಣ್ಣಗಿತ್ತು, ಆ ತಂಪು ಗುರುತಿನದಾಗಿತ್ತು.

ಸೈಕಲ್ ಅಂಗಡಿಯ ಮೇಲಿನ ಕೋಣೆಯ ನೆಲವೂ ಹೀಗೇ ತಣ್ಣಗಿರುತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ಅವನನ್ನು ಕರೆದುಕೊಂಡು ಅಲ್ಲಿಗೆ ಬಂದಾಗ ಅವಳಿಗಿನ್ನೂ ಬಸ್ಸು ಓಡಿಸುವ ಕೆಲಸ ಸಿಕ್ಕಿ ವರ್ಷ ತುಂಬಿರಲಿಲ್ಲ. ಇರುವುದೊಂದೇ ಕೋಣೆ. ಅಕ್ಕ ಸೀಮೆಸುಣ್ಣ ತಂದು ಮಂಡಿಯೂರಿ ನೆಲದ ಮೇಲೆ ಗೆರೆ ಎಳೆದಳು. ಇದು ಅಡುಗೆಮನೆ, ಇದು ಮಲಗುವ ಕೋಣೆ, ಕಿಟಕಿಯ ಹತ್ತಿರದ್ದು ನಿನ್ನ ಓದುವ ಕೋಣೆ. ಗೆರೆಯ ನಡುವೆ ಒಂದು ಮೊಳ ಬಿಟ್ಟಿದ್ದು ಬಾಗಿಲು. ಗೋಡೆ ದಾಟುವಂತಿಲ್ಲ, ಬಾಗಿಲಿಂದಲೇ ಬರಬೇಕು. ಒಮ್ಮೆ ಅವನು ಸಿಟ್ಟಿನಲ್ಲಿ ಗೋಡೆಯನ್ನೇ ತುಳಿದುಕೊಂಡು ನಡೆದಾಗ ಅಕ್ಕ ಬೈಯಲಿಲ್ಲ. "ಬೀಳಿಸ್ಬಿಟ್ಯಲ್ಲೋ ಇಲಿ, ಈಗ ನೀನೇ ಕಟ್ಟು" ಎಂದು ಸೀಮೆಸುಣ್ಣ ಕೈಗಿತ್ತಳು. ಪೆನ್ಸಿಲ್ಲಿನ ಹಿಂದಿನ ತುದಿ ಕಡಿಯುತ್ತಿದ್ದನೆಂದು ಅವಳು ಇಟ್ಟ ಹೆಸರು ಅದು. ಇಲಿ ಕೊನೆಗೆ ಹಲ್ಲಿನ ಡಾಕ್ಟರೇ ಆಯಿತು ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ನಕ್ಕಿದ್ದಳು. ಅವನು ಓದುವಾಗ ಅಕ್ಕ ಚಹಾ ತಂದರೆ ಗೆರೆಯ ಆಚೆ ನಿಂತು ನಾಲಿಗೆಯಿಂದ ಟಕ್ ಟಕ್ ಎಂದು ಬಾಗಿಲು ತಟ್ಟುವಳು. ಅವನು ದೊಡ್ಡ ಸಾಹೇಬರ ಗತ್ತಿನಲ್ಲಿ, ತಲೆಯೆತ್ತದೆ, "ಬನ್ನಿ" ಎನ್ನಬೇಕು. ಅನ್ನದಿದ್ದರೆ ಎಷ್ಟು ಹೊತ್ತಾದರೂ ಅಕ್ಕ ಒಳಗೆ ಬರುತ್ತಿರಲಿಲ್ಲ, ಚಹಾ ಆರಿದರೂ ಸರಿಯೇ. ಇಷ್ಟೆಲ್ಲದರ ಮೇಲೆ ಕಪಾಟಿನ ಪಕ್ಕ ಒಂದು ಪಟ್ಟಿ ಜಾಗ ಬಿಟ್ಟಿದ್ದಳು. ಅದು ಬಂದವರಿಗೆ. ಇಬ್ಬರೂ ಒತ್ತಿಕೊಂಡು ಮಲಗುತ್ತಿದ್ದರೇ ಹೊರತು ಆ ಪಟ್ಟಿಯ ಮೇಲೆ ಕಾಲು ಚಾಚುತ್ತಿರಲಿಲ್ಲ. "ಯಾರಾದ್ರೂ ಬಂದ್ರೆ ಜಾಗ ಇಲ್ಲ ಅನ್ನೋ ಹಾಗಾಗ್ಬಾರ್ದು" ಎನ್ನುವಳು ಅಕ್ಕ. ಯಾರೂ ಬಂದು ಉಳಿದದ್ದಿಲ್ಲ. ಡಿಪೋದ ಮೇಲ್ವಿಚಾರಕ ಒಮ್ಮೆ ಬಂದಾಗ ಕೆಳಗಿನ ಅಂಗಡಿಯ ಕಬ್ಬಿಣದ ಕುರ್ಚಿ ಕೇಳಿ ತಂದು ಮೇಲೆ ಟವೆಲು ಹಾಸಿದ್ದರು, ಆತ ಎದ್ದು ಹೋಗುವಾಗ ಟವೆಲು ದಾಟಿ ಬಂದ ಗ್ರೀಸು ಪ್ಯಾಂಟಿಗೆ ಹತ್ತಿ ಎರಡು ಕಣ್ಣಿನ ಹಾಗೆ ಕಾಣುತ್ತಿತ್ತು. ಆತ ಮೆಟ್ಟಿಲಿಳಿಯುವವರೆಗೆ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದು, ಆಮೇಲೆ ಹೊಟ್ಟೆ ಹಿಡಿದು ನೆಲದ ಮೇಲೆ ಉರುಳಾಡಿ ನಕ್ಕದ್ದು, ಉರುಳಾಡಿ ಎಲ್ಲ ಗೋಡೆಗಳನ್ನೂ ಅಳಿಸಿಬಿಟ್ಟದ್ದು ನೆನಪಾದರೆ ಅವನ ಎದೆ ಈಗಲೂ ಹಿಗ್ಗುತ್ತದೆ. ಅಷ್ಟು ಅನುಕೂಲಸ್ಥನಾಗಿ ಅವನು ಆ ಮೇಲೆ ಎಂದೂ ಬದುಕಲಿಲ್ಲ.

ಅಕ್ಕ ಹನ್ನೊಂದರ ಹೊತ್ತಿಗೆ ಬಂದಳು. ಪಕ್ಕದ ಬಡಾವಣೆಯಲ್ಲಿ ಕಣ್ಣು ತೋರಿಸಿಕೊಂಡು, ಅಲ್ಲಿಂದ ಬಸ್ಸಿನಲ್ಲಿ. ಕಾರು ಕಳಿಸುತ್ತೇನೆಂದರೆ "ನಂಗೆ ಬೇರೆಯವರು ಓಡಿಸಿದ್ರೆ ತಲೆ ಸುತ್ತುತ್ತೆ, ಬಸ್ಸಾದ್ರೆ ತಪ್ಪು ಹುಡುಕ್ತಾ ಬರಬಹುದು" ಎಂದಿದ್ದಳು. ಮೊದಲಿಗಿಂತ ಇಳಿದಿದ್ದಳು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುವಾಗ ಭುಜ ವಾಲುತ್ತಿತ್ತು. ಚಪ್ಪಲಿ ಬಿಟ್ಟು, ದೊಡ್ಡ ಬಾಗಿಲು ದಾಟಿ, ಕೋಣೆಯನ್ನು ನೋಡಿ ನಿಂತಳು.

"ಅಯ್ಯಯ್ಯೋ, ಏನೋ ಇದು!" ಎಂದಳು ಅಕ್ಕ.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಎಂದು ಹೆಂಡತಿ ಸೋಫಾದ ಕಡೆ ಕೈ ತೋರಿದಳು. ಮಹಡಿಯ ಕಟಕಟೆ ಹಿಡಿದು ಮಗಳು ಮೂತಿ ಊದಿಸಿಕೊಂಡು ನಿಂತಿದ್ದಳು. ಈ ಕೋಣೆ ಅವಳ ಸ್ಕೇಟಿಂಗ್ ಮೈದಾನ, ಇವತ್ತು ಕಾಲಿಡಕೂಡದೆಂದು ಅಪ್ಪಣೆಯಾಗಿತ್ತು. ಅತ್ತೆಯನ್ನು ನೋಡಿ ಒಮ್ಮೆ ಕೈಬೀಸಿ ಒಳಗೆ ಹೋದಳು. ಅಕ್ಕ ಸೋಫಾದ ಅಂಚನ್ನು ಮೊದಲು ಬೆರಳಿಂದ ಒತ್ತಿ ನೋಡಿದಳು. ಆಮೇಲೆ ಕೂತಳು. ಕೂತು, ನಿಧಾನವಾಗಿ ಹಿಂದಕ್ಕೊರಗಿ, ಕಣ್ಣು ಮುಚ್ಚಿ ಒಂದು ಉದ್ದ ಉಸಿರು ಬಿಟ್ಟಳು. ಕಣ್ಣು ತೆರೆದಾಗ ತುಟಿಯ ಕೊನೆಯಲ್ಲಿ ಸಣ್ಣ ನಗು ಇತ್ತು. ದೀಪವನ್ನು, ಗಾಜಿನ ಮೇಜನ್ನು, ಕಾಲಡಿಯ ರತ್ನಗಂಬಳಿಯನ್ನು ಒಂದೊಂದಾಗಿ ನೋಡಿ, ಕೊನೆಗೆ ಅವನನ್ನು ನೋಡಿದಳು.

"ಚೆನ್ನಾಗಿದೀಯಲ್ಲೋ ಇಲಿ" ಎಂದಳು. "ಸಾಕು ಬಿಡು."

ಸಾಕು ಬಿಡು. ಇಷ್ಟಿದ್ದೂ ಇಲ್ಲ ಅಂದ್ಯಲ್ಲ, ಸಾಕು ಬಿಡು. ಇನ್ನು ಕೇಳೋದೇನಿದೆ, ಸಾಕು ಬಿಡು. ಅವನು ಆ ಮಾತನ್ನು ಹತ್ತು ರೀತಿ ತಿರುಗಿಸಿ ನೋಡಿದ, ಯಾವ ಕಡೆಯಿಂದ ನೋಡಿದರೂ ಅದು ಚುಚ್ಚಿತು. ಹೆಂಡತಿ ಚಹಾ ತರಲು ಹೋದಳು. ಅಕ್ಕ ಕಂಡಕ್ಟರ್ ಗೆಳತಿಯ ಗೊರಕೆಯ ಬಗ್ಗೆ ಹೇಳುತ್ತಿದ್ದಳು, "ರಾತ್ರಿ ನಿದ್ದೇಲೂ ರೈಟ್ ರೈಟ್ ಅಂತಾಳೆ ಕಣೋ" ಎಂದು ನಗುತ್ತಿದ್ದಳು, ಹೊಸಬರು ಹಳೆಯ ಕೋಣೆಯ ಕಿಟಕಿ ಒಡೆದು ದೊಡ್ಡದು ಮಾಡಿದ್ದಾರಂತೆ ಎಂದೂ ಹೇಳಿದಳು, ಹೇಳುವಾಗ ಅಂಗೈ ಸೋಫಾದ ಬಟ್ಟೆಯ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. ಅವನಿಗೆ ಒಂದು ಮಾತೂ ಕಿವಿಗೆ ಹೋಗಲಿಲ್ಲ. ನೋವಾದರೆ ಕೈ ಎತ್ತಿ, ತಕ್ಷಣ ನಿಲ್ಲಿಸುತ್ತೇನೆ ಎಂದು ಅವನು ರೋಗಿಗಳಿಗೆ ಹೇಳುವುದುಂಟು. ಕೈ ಎತ್ತಬೇಕೆನಿಸಿತು. ನಲವತ್ತು ದಾಟಿದ ಗಂಡಸು ಅಕ್ಕನೆದುರು ಕಳ್ಳನಾಗಿ ಕೂರುವುದೆಂದರೇನು, ಅದೂ ಕದಿಯದೆ. ಇವಳು ಈಗ ಎದ್ದು ಬಸ್ಸು ಹತ್ತುತ್ತಾಳೆ, ಊರಾಚೆಯ ಆ ಹಿಂಬದಿಗೆ ಹೋಗಿ ಮಲಗುತ್ತಾಳೆ, ಮಲಗಿದಾಗಲೆಲ್ಲ ಈ ಸೋಫಾ ಕಣ್ಣೆದುರು ಬರುತ್ತದೆ. ತಮ್ಮ ಕೈಯಲ್ಲಿದ್ದೂ ಕೊಡಲಿಲ್ಲ ಎಂದುಕೊಂಡೇ ಅವಳು ಸಾಯುತ್ತಾಳೆ. ಅವನು "ಬಂದೆ ಅಕ್ಕ, ಒಂದು ಫೋನು" ಎಂದು ಎದ್ದು ಹಿತ್ತಲಿಗೆ ಹೋದ.

"ಸಂಜೆ ಅಲ್ಲ, ಈಗಲೇ ಬಂದು ತಗೊಂಡು ಹೋಗಿ" ಎಂದ ಫೋನಿನಲ್ಲಿ.

"ಏನಾದ್ರೂ ತೊಂದ್ರೆ ಆಯ್ತಾ ಸಾರ್? ಬಾಡಿಗೆ ಮಾತ್ರ ಪೂರ್ತಿ ದಿನದ್ದೇ ಆಗುತ್ತೆ."

"ಆಗ್ಲಿ. ಬನ್ನಿ."

ಇಲ್ಲೇ ಹತ್ತಿರ ಇನ್ನೊಂದು ಮನೆಯಲ್ಲಿದ್ದರು, ಚಹಾ ಮುಗಿಯುವಷ್ಟರಲ್ಲಿ ಬಂದೇಬಿಟ್ಟರು. ಕರೆಗಂಟೆ ಒತ್ತಿ, ಬೆಳಗ್ಗೆ ಬಂದ ಅದೇ ಇಬ್ಬರು ಒಳಗೆ ಬಂದು, ಅಕ್ಕನನ್ನು ಕಂಡು ತಡೆದು ನಿಂತರು. "ಅಮ್ಮಾ, ಸ್ವಲ್ಪ ಏಳ್ತೀರಾ?" ಎಂದ ಒಬ್ಬ. ಅಕ್ಕ ಲೋಟ ಹಿಡಿದುಕೊಂಡೇ ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಗಂಡನನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ಅವನು ತಯಾರಿರಲಿಲ್ಲ. ತಟ್ಟೆಯನ್ನು ಹಾಗೇ ಹಿಡಿದು ಒಳಗೆ ತಿರುಗಿದಳು. ಮೇಜು ಹೋಯಿತು, ಕುರ್ಚಿಗಳು ಹೋದವು, ಉದ್ದ ಕತ್ತಿನ ದೀಪ ತಲೆ ತಗ್ಗಿಸಿ ಬಾಗಿಲು ದಾಟಿತು. ಈ ಸಲ ಸೋಫಾ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ರತ್ನಗಂಬಳಿ ಸುತ್ತಿದಾಗ ಕೆಳಗೆ ಮಗಳ ಸ್ಕೇಟಿನ ಗಾಲಿಗಳು ನಾಲ್ಕು ವರ್ಷ ತಿರುಗಿ ತಿರುಗಿ ಮಾಡಿದ ಬಿಳಿ ಗೀರುಗಳು ಕಂಡವು. ಗಾಡಿ ಹೊರಟ ಸದ್ದಾಯಿತು. ಕೋಣೆ ದೊಡ್ಡದಾಯಿತು.

"ಎಲ್ಲ ಬಾಡಿಗೆದು ಅಕ್ಕ" ಎಂದ. ಖಾಲಿ ಗೋಡೆಗಳಿಗೆ ತಾಗಿ ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ನಿಂಗೆ ತೋರಿಸೋಕೆ ಅಂತ ಒಂದು ದಿನಕ್ಕೆ ತಂದಿದ್ದು. ಈ ಕೋಣೆ ಮೊದಲಿಂದಲೂ ಹೀಗೇ ಇದೆ. ಎಷ್ಟು ಬಂದ್ರೂ ಉಳಿಯಲ್ಲ, ಏನೂ ಉಳಿಯಲ್ಲ. ಅವತ್ತು ನಾನು ಸುಳ್ಳು ಹೇಳ್ಲಿಲ್ಲ ಅಕ್ಕ. ನಿಜವಾಗ್ಲೂ ಇರ್ಲಿಲ್ಲ."

ಹೇಳಿ ಮುಗಿಸಿದಾಗ ಮೈ ಹಗುರಾಯಿತು. ಈಗ ಅಕ್ಕ ನಗುತ್ತಾಳೆ, ಸೈಕಲ್ ಅಂಗಡಿಯ ಕುರ್ಚಿಯನ್ನು ನೆನೆಸಿಕೊಂಡು ಹೊಟ್ಟೆ ಹಿಡಿದು ನಗುತ್ತಾಳೆ, ತಾನೂ ನಗುತ್ತೇನೆ ಎಂದು ಕಾದ. ಅಕ್ಕ ನಗಲಿಲ್ಲ. ಲೋಟವನ್ನು ಎಲ್ಲಿಡುವುದೆಂದು ಸುತ್ತ ನೋಡಿದಳು, ಇಡಲು ಏನೂ ಇರಲಿಲ್ಲ, ಕೈಯಲ್ಲೇ ಇಟ್ಟುಕೊಂಡಳು.

"ಸುಳ್ಳು ಅಂತ ನಾನೆಲ್ಲಿ ಅಂದ್ಕೊಂಡಿದ್ದೆನೋ" ಎಂದಳು. "ನೀನು ಇಲ್ಲ ಅಂದೆ, ನಂಬಿದೆ. ನಂಬಿದ್ದಕ್ಕೇ ನಿದ್ದೆ ಹೋಯ್ತು. ರೂಮು ಹೋಯ್ತು ಅಂತಲ್ಲ ಕಣೋ, ಅದು ಹೋಗ್ಲಿ, ನಾನೆಷ್ಟು ದಿನ ಇರ್ತೀನಿ. ಅಷ್ಟು ಕಷ್ಟಪಟ್ಟು ಓದಿಸಿದ್ರೂ ಇವನಿಗೆ ಇನ್ನೂ ಇಲ್ಲ ಅನ್ನೋದು ತಪ್ಪಲಿಲ್ವಲ್ಲ, ನಾನೇನು ಮಾಡ್ದ ಹಾಗಾಯ್ತು ಅಂತ. ಒಂದು ವರ್ಷದಿಂದ ಅದೇ ಯೋಚನೆ." ಸೋಫಾ ಇದ್ದ ಜಾಗವನ್ನು ನೋಡಿದಳು. "ಇವತ್ತು ಅದರ ಮೇಲೆ ಕೂತಾಗ, ಅಬ್ಬಾ, ಕಳ್ಳ, ಇಟ್ಕೊಂಡೇ ಇಲ್ಲ ಅಂದಿದಾನೆ, ಚೆನ್ನಾಗೇ ಇದಾನೆ ಅಂತ ಎಷ್ಟು ಖುಷಿಯಾಯ್ತು ಗೊತ್ತಾ. ನೀನು ಕೊಡದೇ ಇದ್ದಿದ್ದಕ್ಕೇ ಖುಷಿಯಾಯ್ತು. ಅದನ್ನ ಮನೆ ತನಕನಾದ್ರೂ ತಗೊಂಡು ಹೋಗೋಕೆ ಬಿಡಬಾರ್ದಿತ್ತೇನೋ?"

ಅವರ ಮನಸ್ಸಿಗೆ ಸಮಾಧಾನ ಆಗ್ಲಿ ಬಿಡ್ರಿ ಎಂದಿದ್ದಳಲ್ಲ ಹೆಂಡತಿ, ಅಷ್ಟು ಸರಳವಾದದ್ದು ತನಗೆ ಹೊಳೆಯದೇ ಹೋಯಿತು. ತನ್ನ ಮುಖಕ್ಕೆ ಹತ್ತಿದ ಮಸಿ ಒರೆಸಿಕೊಳ್ಳಲು ಅಕ್ಕನ ಕೈಯಲ್ಲಿದ್ದುದನ್ನೇ ಕಿತ್ತುಕೊಂಡಿದ್ದ, ಆ ಮಸಿಯೂ ಅಲ್ಲಿರಲಿಲ್ಲ. "ಅವಳೊಬ್ಬಳೇ ಇದಾಳೆ ಒಳಗೆ" ಎಂದು ಅಕ್ಕ ಅಡುಗೆಮನೆಗೆ ಹೋದಳು. ಬಾಗಿಲಾಚೆಯಿಂದ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಹೆಂಡತಿ ಅಳುತ್ತಿರುವುದು, ಅಕ್ಕ ಏನೋ ಮೆಲ್ಲಗೆ ಹೇಳುತ್ತಿರುವುದು, ಗ್ರೀಸು, ಪ್ಯಾಂಟು, ಮೇಲ್ವಿಚಾರಕ ಎಂಬ ಮಾತುಗಳು, ಕೊನೆಗೆ ಅಳುವಿನ ನಡುವೆಯೇ ಹೆಂಡತಿಯ ನಗು. ಆ ನಗುವಿನೊಳಗೆ ಹೋಗಿ ತಾನೂ ಕೂರಬೇಕೆಂದು ಅವನಿಗೆ ಎಷ್ಟೋ ಆಸೆಯಾಯಿತು. ಹೋಗದೆ, ಗೋಡೆಗೆ ಮುಖ ಮಾಡಿ, ಬಿಳಿ ಗೀರುಗಳ ನಡುವೆ ನೆಲದ ಮೇಲೆ ಕೂತ. ನೆಲ ತಣ್ಣಗಿತ್ತು. ಆ ಹಳೆಯ ಕೋಣೆಯಲ್ಲಿ ಬಂದವರಿಗೆಂದು ಖಾಲಿ ಬಿಟ್ಟ ಪಟ್ಟಿಯನ್ನು ಈಗ ಯಾರೋ ಯಾವುದೋ ಸಾಮಾನು ಇಟ್ಟು ತುಂಬಿಸಿರುತ್ತಾರೆ ಎಂದುಕೊಂಡ, ಅಕ್ಕನಿಗೆ ಆ ಕೋಣೆ ಬೇಕಾಗಿದ್ದದ್ದು ತನ್ನೊಬ್ಬಳಿಗಾಗಿ ಅಲ್ಲವೇನೋ ಎಂದೂ ಅನಿಸಿತು.

ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಹಿಂದಿನಿಂದ, ಆ ದೊಡ್ಡ ಬಾಗಿಲ ಕಡೆಯಿಂದ, ಸದ್ದು ಬಂತು.

ಟಕ್ ಟಕ್.

ಅವನು ತಿರುಗಲಿಲ್ಲ. ಹೊಸದಾಗಿ ಕಾಯಿಸಿದ ಚಹಾದ ವಾಸನೆ ಬಂತು. ಒಂದು ಮಾತು ಸಾಕಾಗಿತ್ತು, ತಲೆಯೆತ್ತದೆ, ಸಾಹೇಬರ ಗತ್ತಿನಲ್ಲಿ. ಆ ಒಂದು ಮಾತು ಹೊರಡಲಿಲ್ಲ. ಬಾಗಿಲು ತೆರೆದೇ ಇತ್ತು, ಕೋಣೆಯ ತುಂಬ ಜಾಗವಿತ್ತು. ಅಕ್ಕ ಹೊಸ್ತಿಲ ಆಚೆಯೇ ಲೋಟ ಹಿಡಿದು ನಿಂತಿದ್ದಳು.